ಗೋಣಿಬೀಡಿಗೆ ಹೋಗದ ನಂಬರು

ನಾನು ಚಿಕ್ಕಮಗಳೂರಿನಲ್ಲಿ ಒಂದು ಕಾಫಿ ಕಂಪನಿಯ ಹೆಡ್ಡಾಫೀಸಿನ ಕಂಪ್ಯೂಟರ್ ನೋಡಿಕೊಳ್ಳುವವನು. ಕೆಲಸಗಾರರ ಹೆಸರು, ಪಾಸ್‌ವರ್ಡು, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ನನ್ನ ಬಳಿಯ ಮುಖ್ಯ ಸರ್ವರಿನಲ್ಲಿದೆ. ಅದರ ನಕಲು ಮಲ್ಲಂದೂರು, ಆಲ್ದೂರು, ಗೋಣಿಬೀಡಿನ ತೋಟದ ಆಫೀಸುಗಳಲ್ಲಿ ಒಂದೊಂದು. ಇಲ್ಲಿ ಏನು ತಿದ್ದಿದರೂ ಸಂಜೆ ಆರಕ್ಕೆ ಮೂರೂ ಕಡೆಗೆ ತಾನಾಗಿ ಹೋಗುತ್ತದೆ. ಆ ಹೊತ್ತಿನಲ್ಲಿ ಅಲ್ಲಿಯ ಸರ್ವರ್ ಬಂದ್ ಆಗಿದ್ದರೆ ಆ ತಿದ್ದುಪಡಿ ಮರುದಿನ ತಾನಾಗಿ ಹೋಗುವುದಿಲ್ಲ, ನಾನೇ ಇನ್ನೊಮ್ಮೆ ಕಳಿಸಬೇಕು. ಇದಕ್ಕೆ ಬುದ್ಧಿ ಬೇಡ, ನೆನಪಿದ್ದರೆ ಸಾಕು.

ಗೋಣಿಬೀಡಿನಲ್ಲಿ ನನ್ನ ಅಣ್ಣ ರೈಟರ್, ತೋಟದ ಲೆಕ್ಕ ಬರೆಯುವವನು. ಹಾಜರಿ, ಸ್ಟೋರು, ಆಫೀಸಿನ ಬೀಗ ಎಲ್ಲ ಅವನದೇ. ಮದುವೆಯಾಗಿರಲಿಲ್ಲ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಇದ್ದದ್ದು ನನ್ನ ನಂಬರೊಂದೇ. ಹಿಂದಿನ ವರ್ಷ ಸಿಡಿಲಿಗೆ ಅಲ್ಲಿಯ ಸರ್ವರ್ ಸುಟ್ಟುಹೋದಾಗ ಅವನ ಮೇಲೆ ಹರಿಹಾಯ್ದಿದ್ದೆ.

"ಗುಡುಗು ಕೇಳಿದ ಕೂಡ್ಲೆ ಪ್ಲಗ್ ಕೀಳೋಕೆ ನಿಂಗೇನು ರೋಗ?"

"ಆಯ್ತು ಮಾರಾಯ, ಇನ್ಮೇಲೆ ಮೋಡ ಕಂಡ್ರೇ ಕಿತ್ತಾಕ್ತೀನಿ" ಎಂದು ನಕ್ಕಿದ್ದ. ಮಾತಿಗೆ ತಪ್ಪಲಿಲ್ಲ.

ಏಪ್ರಿಲಿನಲ್ಲಿ ಬಾಡಿಗೆ ಮನೆ ಬದಲಿಸಿದೆ. ಅಲ್ಲಿ ಹಳೆಯ ಸಿಮ್ಮಿಗೆ ಸಿಗ್ನಲ್ ಇಲ್ಲ. ಹೊಸದು ಕೊಂಡು, ಗುರುವಾರ ಮುಖ್ಯ ಸರ್ವರಿನಲ್ಲಿ ನಂಬರ್ ತಿದ್ದಿದೆ. ಆರಕ್ಕೆ ಗೋಣಿಬೀಡಿನ ಕಡೆ ಗುಡುಗು. ಅಣ್ಣ ಪ್ಲಗ್ ಕಿತ್ತಿದ್ದ. ಎರಡು ಕಡೆ ಹೋಯಿತು, ಗೋಣಿಬೀಡು ಸಿಗಲಿಲ್ಲ ಎಂದು ಪರದೆಯ ಮೇಲೆ ಬಂದದ್ದನ್ನು ಓದಿದೆ. ನಾಳೆ ಕಳಿಸಿದರಾಯಿತು ಅಂದುಕೊಂಡೆ. ನಾಳೆ ಎಂದವನ ಮನೆ ಹಾಳು ಎಂಬ ಗಾದೆ ನನಗೂ ಗೊತ್ತಿತ್ತು. ಶುಕ್ರವಾರ ಮರೆತೆ, ಶನಿವಾರವೂ ಮರೆತೆ.

ಭಾನುವಾರ ಮಧ್ಯಾಹ್ನ ಅಣ್ಣ ಆಫೀಸಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಳಿತುಬಿಟ್ಟನಂತೆ. ತೋಟದ ಮೇಸ್ತ್ರಿ ಅವನನ್ನು ಜೀಪಿನಲ್ಲಿ ಮೂಡಿಗೆರೆ ಆಸ್ಪತ್ರೆಗೆ ಕರೆದೊಯ್ದರು. ನನ್ನ ಹೊಸ ನಂಬರಿದ್ದ ಅವನ ಮೊಬೈಲು ಕ್ವಾರ್ಟರ್ಸಿನಲ್ಲಿ ಚಾರ್ಜಿಗೆ ಹಾಕಿತ್ತು, ಅದು ಯಾರಿಗೂ ಹೊಳೆಯಲಿಲ್ಲ. ಗೋಣಿಬೀಡು ಆಫೀಸಿನ ಕ್ಲರ್ಕ್ ಅಲ್ಲಿಯ ಕಂಪ್ಯೂಟರಿನಲ್ಲಿದ್ದ ನಂಬರಿಗೆ ಮಾಡಿದ್ದೇ ಮಾಡಿದ್ದು. ಅದು ನನ್ನ ಹಳೆಯ ನಂಬರು. ಹೆಡ್ಡಾಫೀಸಿಗೆ ರಜೆ. ಕೊನೆಗೆ ಆಲ್ದೂರಿನ ರೈಟರನ್ನು ಹಿಡಿದು, ಅವರ ಆಫೀಸಿನ ಪಟ್ಟಿಯಿಂದ ಹೊಸ ನಂಬರು ತೆಗೆಸುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ನಾನು ಮೂಡಿಗೆರೆ ಮುಟ್ಟಿದಾಗ ಅಣ್ಣನ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಡಾಕ್ಟರು ಏನೋ ಹೇಳಿದರು, ತಲೆ ಆಡಿಸಿದೆ. ಎಲ್ಲಿ ತೋರಿಸಿದರೋ ಅಲ್ಲಿ ಸಹಿ ಹಾಕಿದೆ.

ಕೆಲಸಕ್ಕೆ ಮರಳಿದ ದಿನ ಪಟ್ಟಿಯಿಂದ ಅಣ್ಣನ ಹೆಸರು ತೆಗೆದೆ. ಅದೂ ನನ್ನದೇ ಕೆಲಸವಲ್ಲವೇ. ಸಂಜೆಯವರೆಗೆ ಕಾಯದೆ ಆಗಲೇ ಕಳಿಸಿದೆ. ಮೂರೂ ಕಡೆ ಹೋಯಿತು. ಅಳು ಬರಲಿಲ್ಲ. ಬರಬೇಕಿತ್ತು ಅನ್ನಿಸಿತು, ಅಷ್ಟೇ. ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದೆ.

ಅಣ್ಣನ ಸಾಮಾನು ತರಲು ಗೋಣಿಬೀಡಿಗೆ ಹೋದಾಗ ಮೇಸ್ತ್ರಿ ಪೆಟ್ಟಿಗೆಯನ್ನು ಕಾರಿಗೆ ಇಟ್ಟುಕೊಟ್ಟರು. ನಾನು ಏನೂ ಕೇಳಿರಲಿಲ್ಲ. ಅವರೇ ಹೇಳಿದರು.

"ಜೀಪಲ್ಲಿ ರೈಟ್ರು ಎರಡು ಸಲ ಕೇಳಿದ್ರು ಸಾರ್, ತಮ್ಮಂಗೆ ಹೇಳಿದ್ರಾ ಅಂತ. ಹೇಳಿದೀವಿ, ಅವ್ರು ಹೊರಟಾಯ್ತು ಅಂದೆ. ಏನು ಮಾಡೋದು, ಸಮಾಧಾನ ಆಗ್ಲಿ ಅಂತ. ಆಮೇಲೆ ಆಸ್ಪತ್ರೇಲಿ ಬಾಗ್ಲು ಕಡೆನೇ ನೋಡ್ತಾ ಇದ್ರು."

ಆ ಹೊತ್ತಿಗೆ ನಾನು ಊಟ ಮಾಡಿ ಮಲಗಿದ್ದೆ. ಫೋನು ದಿಂಬಿನ ಪಕ್ಕದಲ್ಲೇ ಇತ್ತು.