ಚಿಕ್ಕಮ್ಮ ಹಾಕಿದ ಗಂಟು

ನನ್ನ ತಂಗಿ ಅರ್ಧ ಗಂಟೆ ಒಂದೇ ಕಡೆ ಕೂತದ್ದನ್ನು ನೋಡಿದವರು ಯಾರಾದರೂ ಇದ್ದರೆ ಬಂದು ನನಗೆ ಹೇಳಲಿ, ಅವರಿಗೊಂದು ಅಂಗಿ ಬಿಟ್ಟಿಯಾಗಿ ಹೊಲಿದುಕೊಡುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಹಲ್ಲುಜ್ಜುವಾಗಲೂ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ. ಅಂಥವಳಿಗೆ ಸಿಕ್ಕ ಕೆಲಸ ನೋಡಿ: ದಿನಕ್ಕೆ ಎಂಟು ಗಂಟೆ ಬೇರೆಯವರ ತಕರಾರು ಓದುವುದು.

ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿ, ಉತ್ತರ ಹೇಳಿಕೊಳ್ಳುವ ಒಂದು ಜಾಲತಾಣವಿದೆ. ಲಕ್ಷಾಂತರ ಜನ. ಅದರ ಒಂದು ಮೂಲೆಯಲ್ಲಿ, ಈ ತಾಣ ಹೀಗಿದ್ದರೆ ಚೆನ್ನ, ಹಾಗಿದ್ದರೆ ಚೆನ್ನ ಎಂದು ಬೇಡಿಕೆ ಬರೆಯುವ ಪುಟ. ಅಕ್ಷರ ದೊಡ್ಡದು ಮಾಡಿ, ಅಕ್ಷರ ಚಿಕ್ಕದು ಮಾಡಿ, ಮೊದಲಿದ್ದ ಬಣ್ಣವನ್ನೇ ವಾಪಸು ಕೊಡಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನನಗೆ ಇದೇನು ಹೊಸ ರಾಗವಲ್ಲ. ಆದರೆ ನನ್ನ ಗಿರಾಕಿ ಎದುರಿಗೆ ನಿಂತು ಬೈಯುತ್ತಾಳೆ, ನಾನೂ ಎದುರಿಗೇ ಬೈಯುತ್ತೇನೆ, ಲೆಕ್ಕ ಚುಕ್ತಾ. ಇವಳಿಗೆ ತಿರುಗಿ ಬೈಯುವ ಭಾಗ್ಯವಿಲ್ಲ.

ಇವಳು ಪ್ರೋಗ್ರಾಂ ಕಲಿತವಳೂ ಅಲ್ಲ. ಮೊದಲು ಹನ್ನೆರಡು ವರ್ಷ ಕರೆಂಟು ಹೋದವರ ದೂರು ಫೋನಿನಲ್ಲಿ ಕೇಳುತ್ತಿದ್ದಳು. ಸಂದರ್ಶನದಲ್ಲಿ ನೀವು ಏನು ಬಲ್ಲಿರಿ ಎಂದು ಕೇಳಿದ್ದಕ್ಕೆ, "ಹತ್ತು ಬೈಗುಳದ ಮಧ್ಯೆ ಅವ್ರಿಗೆ ನಿಜವಾಗ್ಲೂ ಏನು ಬೇಕು ಅಂತ ಹೆಕ್ಕೋದು ಬರುತ್ತೆ" ಅಂದಳಂತೆ. ತೆಗೆದುಕೊಂಡರು. ತಾಣದಲ್ಲಿ ಅವಳ ಖಾತೆ ತೆರೆದುಕೊಟ್ಟವಳು ನನ್ನ ಮಗಳು, ಹೆಸರಿನ ಜಾಗದಲ್ಲಿ ತಾನು ಕರೆಯುವ ಹಾಗೆ "ಚಿಕ್ಕಮ್ಮ" ಎಂದೇ ಹಾಕಿಬಿಟ್ಟಳು. ಈಗ ಮುಖ ಕಂಡರಿಯದ ಗಡ್ಡಧಾರಿಗಳೆಲ್ಲ ಅವಳನ್ನು ಚಿಕ್ಕಮ್ಮ ಅನ್ನುತ್ತಾರೆ. ಮದುವೆಯ ಗೊಡವೆಗೇ ಹೋಗದವಳಿಗೆ ಎಷ್ಟೊಂದು ಮಕ್ಕಳು ಎಂದು ನಾನು ಆಗಾಗ ಕೆಣಕುತ್ತೇನೆ.

ಅವಳ ಕೆಲಸದ ಪದ್ಧತಿ ಇಷ್ಟು. ಒಂದು ಬೇಡಿಕೆ ಬಂದರೆ ಅದಕ್ಕೆ ಉಳಿದವರು ಮತ ಹಾಕುತ್ತಾರೆ. ಐವತ್ತು ಮತ ಬಿದ್ದರೆ ಅದು ತಿಂಗಳ ಮೊದಲ ಸೋಮವಾರದ ಸಭೆಗೆ, ತಾಣ ಕಟ್ಟುವವರ ಮುಂದೆ ಹೋಗುತ್ತದೆ. ಅದೇ ಬೇಡಿಕೆಯನ್ನು ಮೊದಲೇ ಯಾರೋ ಕೇಳಿದ್ದರೆ ಹೊಸದನ್ನು ಮುಚ್ಚಿ, "ಇದನ್ನು ಅಲ್ಲಿ ನೋಡಿ" ಎಂದು ಹಳೆಯದಕ್ಕೆ ಜೋಡಿಸಬೇಕು. ಹೊಸದರ ಮತಗಳೂ ಹಳೆಯದಕ್ಕೇ ಸೇರುತ್ತವೆ. ಇದಕ್ಕೆ ಅವಳು ಗಂಟು ಹಾಕುವುದು ಎನ್ನುತ್ತಾಳೆ. ಮುಚ್ಚಿದ್ದು, ಹುಡುಕಿಕೊಂಡು ಹೋಗದ ಹೊರತು, ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆರು ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗಂಟು ಹಾಕಿದ್ದಾಳೆ. "ನನ್ನ ಕೈ ದಾಟಿ ಒಂದೇ ಒಂದು ಬೇಡಿಕೆನೂ ಕಳ್ದುಹೋಗಿಲ್ಲಕ್ಕಾ" ಎಂದು ಕೊಚ್ಚಿಕೊಳ್ಳುತ್ತಿದ್ದಳು. ಹೋದ ಗುರುವಾರದವರೆಗೆ ಎಂದು ಬರೆಯಲು ಹೊರಟಿದ್ದೆ, ಅದೂ ಈಗ ಎರಡು ತಿಂಗಳ ಹಿಂದಿನ ಗುರುವಾರ.

ಆ ಗುರುವಾರ ಬೆಳಿಗ್ಗೆ ನಾನು ಗಿರಾಕಿಯೊಬ್ಬರ ಕೋಟಿನ ಒಳಪದರ ಕತ್ತರಿಸುತ್ತಿದ್ದೆ. ಕತ್ತರಿಸುವ ಮೇಜಿನ ಇನ್ನೊಂದು ತುದಿಯಲ್ಲಿ ಅವಳ ಲ್ಯಾಪ್‌ಟಾಪು, ಅವತ್ತು ಮನೆಯಿಂದಲೇ ಕೆಲಸ. ಇದ್ದಕ್ಕಿದ್ದಂತೆ ಎದ್ದು ಕಿಟಕಿಗೆ ಹೋದಳು, ವಾಪಸು ಬಂದಳು, ಓದಿದಳು, ಮತ್ತೆ ಹೋದಳು. ಮೂರನೆಯ ಸಲ ಮೇಜು ಅಲ್ಲಾಡಿ ನನ್ನ ಸೀಮೆಸುಣ್ಣದ ಗೆರೆ ಸೊಟ್ಟಗಾಯಿತು.

"ಮೈಮೇಲೆ ಇರುವೆ ಬಿಟ್ಕೊಂಡಿದೀಯಾ? ಏನಾಯ್ತು ಹೇಳು."

"ಅಕ್ಕಾ, ನಾನೊಂದು ಗಂಟು ತಪ್ಪು ಹಾಕಿದೀನಿ."

ಅವಳಿಗೆ ಇಮೇಲಿನಲ್ಲಿ ಒಂದು ಪತ್ರ ಬಂದಿತ್ತು. ಬರೆದವನು ತಾಣದಲ್ಲಿ "ಆಮೆ" ಎಂಬ ಹೆಸರಿಟ್ಟುಕೊಂಡವನು. ಕೈ ನಡುಗುವ ಕಾಯಿಲೆ. ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಾನೆ. ತಾಣವೋ, ಒಂದು ಗಂಟೆಯಾದರೆ ಮುಲಾಜಿಲ್ಲದೆ ಹೊರಗೆ ಹಾಕುತ್ತದೆ, ಅಲ್ಲಿಯವರೆಗೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಬರೆದದ್ದು ಅಷ್ಟಷ್ಟೇ ಉಳಿಯುತ್ತ ಹೋಗುವಂತೆ ಮಾಡಿ ಎಂದು ಆತ ಆರು ವರ್ಷದ ಹಿಂದೆ ಕೇಳಿದ್ದ. ಆಮೇಲೆ ಇನ್ನೊಬ್ಬರು ಅದನ್ನೇ ಬೇರೆ ಮಾತಿನಲ್ಲಿ ಕೇಳಿದರು. ನನ್ನ ತಂಗಿ ಅದನ್ನು ಆಮೆಯದಕ್ಕೆ ಗಂಟು ಹಾಕಿದಳು, ಸರಿಯಾಗಿಯೇ. ತಿಂಗಳ ನಂತರ ಆಮೆಯ ಬೇಡಿಕೆ ಮತ್ತೆ ಕಣ್ಣಿಗೆ ಬಿತ್ತು. ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಹುಡುಕಿ, ಆ ಇನ್ನೊಂದನ್ನು ಕಂಡು, ಅದು ಆಗಲೇ ಮುಚ್ಚಿದೆ ಎಂಬುದನ್ನು ಗಮನಿಸದೆ, ಆಮೆಯದನ್ನು ಅದಕ್ಕೆ ಗಂಟು ಹಾಕಿಬಿಟ್ಟಳು. ಇಲ್ಲಿಗೆ ಬಂದರೆ ಅಲ್ಲಿಗೆ ಹೋಗಿ, ಅಲ್ಲಿಗೆ ಹೋದರೆ ಇಲ್ಲಿಗೆ ಬನ್ನಿ. ಎರಡು ಬಾಗಿಲೂ ಬಂದ್. ಮತಗಳು ಯಾವ ಲೆಕ್ಕಕ್ಕೂ ಸೇರಲಿಲ್ಲ. ಮುಚ್ಚಿದ ಪುಟದ ಕೆಳಗೆ ಆಮೆ ವರ್ಷ ವರ್ಷವೂ ಬರೆದ ನೆನಪೋಲೆಗಳನ್ನು ಯಾರೂ ಓದಲಿಲ್ಲ.

"ಮೊದಲು ಒಂದು ಉತ್ತರ ಒಂದು ಗಂಟೆಯೊಳಗೆ ಮುಗಿಯುತ್ತಿತ್ತು. ಈಗ ಮೂರು ಗಂಟೆಯೂ ಸಾಲದು. ಬೇರೆ ಕಡೆ ಬರೆದು ತಂದು ಅಂಟಿಸಿ ಎಂದು ದಯವಿಟ್ಟು ಹೇಳಬೇಡಿ, ಎರಡು ಕಿಟಕಿಗಳ ನಡುವೆ ಓಡಾಡುವ ಶಕ್ತಿ ನನ್ನ ಬೆರಳಿಗಿಲ್ಲ. ಬೇಡ ಎಂದಿದ್ದರೆ ಸುಮ್ಮನಾಗುತ್ತಿದ್ದೆ. ಸುತ್ತು ಹೊಡೆಸಿದಿರಿ. ಬೇಕೆಂದೇ ಮಾಡಿದಿರಿ. ಇನ್ನೆಷ್ಟು ತಿಂಗಳು ಬರೆಯಬಲ್ಲೆನೋ ಗೊತ್ತಿಲ್ಲ." ಅಷ್ಟೇ ಪತ್ರ.

ಸಭೆ ಸೋಮವಾರ. ಎರಡೂ ಬೇಡಿಕೆಗಳ ಮತ ಕೂಡಿದರೆ ಐವತ್ತೊಂಬತ್ತು. ಗಂಟು ಬಿಚ್ಚಿದರೆ ಸಭೆಗೆ ಹೋಗುತ್ತದೆ. ಇದರಲ್ಲಿ ಒದ್ದಾಡುವುದೇನಿದೆ ಎಂದು ನನಗೆ ಅನ್ನಿಸಿತು. ಒದ್ದಾಟ ಇದ್ದದ್ದು ನಿಯಮದಲ್ಲಿ. ಗಂಟು ಬಿಚ್ಚುವವರು ಯಾರು ಹಾಕಿದ್ದು, ಯಾಕೆ ಬಿಚ್ಚುತ್ತಿರುವುದು ಎಂದು ಎಲ್ಲರಿಗೂ ಕಾಣುವಂತೆ ಪುಟದ ಮೇಲೆ ಬರೆಯಬೇಕು. ಅವಳ ಮೇಲಿನ ಅಧಿಕಾರಿ, ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಫೋನಿನಲ್ಲಿ ಉಪಾಯ ಹೇಳಿಕೊಟ್ಟ. ಸ್ಪೀಕರಿನಲ್ಲಿತ್ತು, ನಾನೂ ಕೇಳಿದೆ.

"ಮೇಡಂ, ಹಿಂದಿನಿಂದ ನಾನೇ ಬಿಚ್ಚಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ. ಆತನಿಗೆ ಬೇಕಾಗಿರೋದು ಸಿಕ್ಕರೆ ಆಯ್ತಲ್ವಾ?"

ಶುಕ್ರವಾರ ಅವಳು ಕಚೇರಿಗೆ ಹೋಗಿ, ಒಂದು ಗಂಟೆಯಲ್ಲೇ ಮನೆಗೆ ಬಂದಳು. ಚಹಾ ಮಾಡಿದೆ, ಆರಿತು. ಮತ್ತೆ ಬಿಸಿ ಮಾಡಿದೆ, ಮತ್ತೆ ಆರಿತು. ಬೀದಿಯ ತುದಿಯ ಔಷಧಿ ಅಂಗಡಿಯವರೆಗೆ ಹೋಗಿ ಏನೂ ಕೊಳ್ಳದೆ ಬಂದಳು. ಬೀದಿಯಲ್ಲಿ ಯಾರೋ ಜೋರಾಗಿ ನಕ್ಕರೆ ತನಗೇ ನಕ್ಕರೆಂದು ತಿರುಗಿ ನೋಡಿದಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಶನಿವಾರವೂ ಇದೇ. ಅವಳ ಚಪ್ಪಲಿಯ ಸದ್ದಿಗೆ ನನ್ನ ತಲೆ ಕೆಟ್ಟಿತು.

"ಆ ಹುಡುಗ ಹೇಳಿದ ಹಾಗೆ ಮಾಡಿ ಮುಗಿಸಬಾರದೇನೇ? ಆಗಿದ್ದಾಯ್ತು."

"ಮುಗಿಸಬಹುದು. ಆದ್ರೆ ನಾವು ಬೇಕಂತಲೇ ಮಾಡಿದ್ವಿ ಅಂದ್ಕೊಂಡೇ ಇರ್ತಾನಲ್ಲ ಅವ್ನು."

"ಅಂದ್ಕೊಳ್ಳಲಿ ಬಿಡು. ಅವ್ನೇನು ನಿನ್ನ ಮಾವನ ಮಗನಾ?"

"ಇನ್ನೂ ಎಷ್ಟು ಜನನ ಹೀಗೆ ಸುತ್ತು ಹೊಡೆಸಿದೀನೋ ಯಾರಿಗ್ಗೊತ್ತು. ಹೇಳದೇ ಇದ್ರೆ ಅವ್ರನ್ನ ಹುಡುಕೋದು ಹೆಂಗೆ?"

ಅವಳು ಹೇಳಿದ್ದು ಸರಿ ಅನ್ನಿಸಿದಾಗ ನನಗೆ ಸಿಟ್ಟು ಬರುತ್ತದೆ. ಮಾಡಿದ್ದುಣ್ಣೋ ಮಹರಾಯ ಎಂದು ಗೊಣಗಿ ಯಂತ್ರ ತುಳಿದೆ.

ಭಾನುವಾರ ಮಧ್ಯಾಹ್ನ ಗಂಟು ಬಿಚ್ಚಿ, ನಿಂತುಕೊಂಡೇ ಪುಟದ ಮೇಲೆ ಬರೆದಳು: "ಈ ಗಂಟು ಹಾಕಿದವಳು ನಾನು. ಅಜಾಗರೂಕತೆ. ಆರು ವರ್ಷ ಇದನ್ನು ತಿರುಗಿ ನೋಡಲಿಲ್ಲ. ನಿಮ್ಮ ಬೇಡಿಕೆಯೂ ಹೀಗೆ ಸಿಕ್ಕಿಹಾಕಿಕೊಂಡಿದ್ದರೆ ಇಲ್ಲಿ ಬರೆಯಿರಿ." ಸಂಜೆಯೊಳಗೆ ನೂರಾರು ಜನ ಮುಗಿಬಿದ್ದರು. ಕೆಲಸ ಬಿಟ್ಟು ಹೋಗಿ ಎಂದ ಒಬ್ಬ. ಎರಡು ಸಾಲು ಓದಲು ಬಾರದವಳಿಗೆ ಯಾಕೆ ಸಂಬಳ ಎಂದ ಇನ್ನೊಬ್ಬ. "ನಮ್ಮ ಚಿಕ್ಕಮ್ಮನೂ ಹೀಗೇ, ಕನ್ನಡಕ ಹಣೆ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾಳೆ" ಎಂದು ಮತ್ತೊಬ್ಬ ತಮಾಷೆ ಮಾಡಿದ. ಅಷ್ಟರ ನಡುವೆ ಹನ್ನೊಂದು ಜನ ತಮ್ಮ ತಮ್ಮ ಸುತ್ತುಗಳನ್ನು ತೋರಿಸಿದರು. ಒಂದೊಂದು ತೆರೆದಾಗಲೂ ಅವಳ ಮುಖ ಇಳಿಯಿತು. ನನಗೆ ಅಳು ಬಂತು, ಆದರೆ ನಾನು ಅತ್ತರೆ ಅವಳು ನಗುತ್ತಾಳೆಂದು ಗುಂಡಿ ಹೊಲಿಯುತ್ತ ಕೂತೆ.

ಸೋಮವಾರ ಸಭೆ ಒಪ್ಪಿತು. ಮುಂದಿನ ವರ್ಷದ ಪಟ್ಟಿಗೆ ಹಾಕೋಣ ಎಂದರಂತೆ. ಆತನಿಗೆ ಮುಂದಿನ ವರ್ಷ ಇಲ್ಲ ಎಂದು ಇವಳು ಪಟ್ಟು ಹಿಡಿದಳಂತೆ. ಆಮೇಲಿನ ನಾಲ್ಕು ವಾರ ತಾಣ ಕಟ್ಟುವವರ ಪ್ರಾಣ ತಿಂದಳು. ಕಟ್ಟುವವನೊಬ್ಬ ಅವಳನ್ನು ಕಂಡರೆ ಮೆಟ್ಟಿಲು ಬಿಟ್ಟು ಲಿಫ್ಟು ಹತ್ತುತ್ತಿದ್ದನಂತೆ, ಇವಳು ಓಡಿ ಹತ್ತಿ ಮೂರನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲಿಗೇ ನಿಂತಿರುತ್ತಿದ್ದಳಂತೆ. ಕೊನೆಗೊಂದು ಬುಧವಾರ ಕೆಲಸವಾಯಿತು. ಬರೆಯುತ್ತ ಹೋದಂತೆ ಉಳಿಯುತ್ತದೆ, ದಿನ ಬಿಟ್ಟು ಬಂದರೂ ಅಲ್ಲಿಂದಲೇ ಮುಂದುವರಿಸಬಹುದು. ಆಮೆಗೆ ಅವತ್ತೇ ತಾಣದ ಮೂಲಕ ಬರೆದಳು: ಆಗಿದೆ, ನೋಡಿ. ತಪ್ಪು ನನ್ನದು, ಬೇಕೆಂದು ಮಾಡಿದ್ದಲ್ಲ.

ಉತ್ತರವಿಲ್ಲ. ಗುರುವಾರ ಇಲ್ಲ, ಶುಕ್ರವಾರ ಇಲ್ಲ. ಮತ್ತೆ ಚಪ್ಪಲಿ ಸದ್ದು. ಸ್ನಾನಕ್ಕೆ ಹೋದರೂ ಫೋನು ಬಾಗಿಲ ಹೊರಗಿನ ಸ್ಟೂಲಿನ ಮೇಲೆ. ತಡವಾಯಿತೇನೋ, ಕೈ ಪೂರ್ತಿ ನಿಂತಿತೇನೋ, ಆತನೇ ಇಲ್ಲವೇನೋ ಎಂದು ದಿನಕ್ಕೊಂದು ಹೇಳಿದಳು. ಐದನೆಯ ದಿನ ನನ್ನ ತಾಳ್ಮೆ ಹರಿಯಿತು.

"ಅಷ್ಟೆಲ್ಲ ಬೈಯೋಕೆ ಕೈ ಬಂತು, ಆಯ್ತು ಅನ್ನೋಕೆ ಬರಲ್ವಾ? ದುರಹಂಕಾರಿ. ಇಂಥವನಿಗೋಸ್ಕರ ಊರೆಲ್ಲ ಬೈಸ್ಕೊಂಡೆ ನೀನು."

ಆರನೆಯ ದಿನ, ಏಳನೆಯ ದಿನ ಅವಳಿಗೆ ಊಟ ಸರಿಯಾಗಿ ಸೇರಲಿಲ್ಲ. ನಾನು ಬಾಯಿಗೆ ಬಂದಂತೆ ಆತನನ್ನು ಬೈಯುತ್ತಲೇ ಇದ್ದೆ.

ಒಂಬತ್ತನೆಯ ದಿನ, ಮತ್ತೆ ಶುಕ್ರವಾರ, ಉತ್ತರ ಬಂತು. ಅವಳಿಗೆ ಓದುವ ಧೈರ್ಯವಿಲ್ಲ, ನನ್ನ ಕೈಗೆ ಕೊಟ್ಟು ಬಾಗಿಲ ಹತ್ತಿರ ನಿಂತಳು. ಗಟ್ಟಿಯಾಗಿ ಓದಿದೆ.

"ಆರು ವರ್ಷದ ಹಿಂದೆ ಕೊಟ್ಟಿದ್ದರೆ ಇನ್ನೂ ಎಷ್ಟೋ ಬರೆಯುತ್ತಿದ್ದೆ. ಆ ಸಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ. ಬೇಕೆಂದು ಮಾಡಿದ್ದಲ್ಲ ಎಂಬುದನ್ನು ನಂಬುತ್ತೇನೆ. ಕೆಲಸ ಮಾಡುತ್ತಿದೆ."

"ಅಷ್ಟೇನಾ?" ಅಂದಳು.

"ಅಷ್ಟೇ. ಎಣಿಸಿದ್ರೆ ಹದಿನೈದಿಪ್ಪತ್ತು ಪದ. ಇದಕ್ಕೆ ಒಂಬತ್ತು ದಿನ ಕಾಯಿಸ್ದ, ನೋಡು."

ಅವಳು ಬಂದು ಫೋನು ತೆಗೆದುಕೊಂಡು, ಬರಹದ ಕೆಳಗಿನ ಸಣ್ಣ ಅಕ್ಷರಗಳ ಸಾಲನ್ನು ನನಗೆ ತೋರಿಸಿದಳು. ಬರೆದದ್ದು ಉಳಿಯುವ ಸೌಲಭ್ಯದ ಜೊತೆಗೆ ಹೊಸದಾಗಿ ಸೇರಿದ ಸಾಲು. ಬರೆಯಲು ಆರಂಭಿಸಿದ್ದು ಆ ಬುಧವಾರ ಸಂಜೆ, ಅವಳ ಪತ್ರ ಹೋದ ಹನ್ನೆರಡು ನಿಮಿಷಕ್ಕೆ. ಮುಗಿಸಿದ್ದು ಇವತ್ತು ಬೆಳಿಗ್ಗೆ. ನಡುವೆ ನಲವತ್ತಮೂರು ಸಲ ನಿಲ್ಲಿಸಿ ಮತ್ತೆ ಮುಂದುವರಿಸಿದ್ದಾನೆ. ನಾನು ಬೈಯುತ್ತಿದ್ದ ಅಷ್ಟೂ ದಿನ ಆ ಮನುಷ್ಯ ಬರೆಯುತ್ತಲೇ ಇದ್ದ.