ಬೇವಿನ ಟೊಂಗೆಗೆ ಬಸ್ಸು ನಿಲ್ಲಿಸಿದವರು

ಉಸ್ತಾದರ ಮುಖದ ಬಲಭಾಗ ಒಂದು ಬಣ್ಣ, ಎಡಭಾಗ ಇನ್ನೊಂದು ಬಣ್ಣ. ಬಸ್ಸಿನ ಮುಂದಿನ ಗಾಜಿನಲ್ಲಿ ಧೂಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲವಾದ್ದರಿಂದ ಅವರು ಬಲಗಡೆಯ ಕಿಟಕಿಯಿಂದ ತಲೆ ಹೊರಗೆ ಹಾಕಿಯೇ ಗಾಡಿ ಓಡಿಸುತ್ತಿದ್ದರು. ಬಿಸಿಲಿಗೆ ಬಲಗೆನ್ನೆ ಸೀದ ರೊಟ್ಟಿಯ ಹಾಗೆ ಕಪ್ಪಾಗಿತ್ತು, ಎಡಗೆನ್ನೆ ಮಾತ್ರ ಗೋಧಿಯ ಬಣ್ಣದ್ದು. ಬೀದರಿನ ಹಜಾಮ ಕತ್ತಿ ಮಸೆಯುತ್ತ ತಮಾಷೆ ಮಾಡುತ್ತಿದ್ದ: "ಉಸ್ತಾದ್, ಇವತ್ತ ಯಾವ ಮಾರಿ ಮೊದ್ಲ ಮಾಡ್ಲಿ?"

"ಕರೀದು ಸರ್ಕಾರದ್ದು, ಬಿಳೇದು ನನ್ನ ಹೇಣ್ತೀದು. ಹೇಣ್ತೀದು ಮೊದ್ಲ ಮಾಡು" ಎನ್ನುತ್ತಿದ್ದರು ಇವರು.

ನಾನು ಆ ಬಸ್ಸಿನ ಕಂಡಕ್ಟರ್. ಕುರಿ ಕಾಯುವ ಮನೆಯಲ್ಲಿ ಹುಟ್ಟಿ ನಾಲ್ಕಕ್ಷರ ಉರ್ದು ಕಲಿತ ತಪ್ಪಿಗೆ ನಿಜಾಮರ ಕಾಲದಲ್ಲಿ ಆ ಕೆಲಸ ಸಿಕ್ಕಿತ್ತು. ಬೀದರಿನಿಂದ ಸಂತಪುರ, ಔರಾದ್ ಮೇಲೆ ದೇಗಲೂರಿನವರೆಗೆ ನಮ್ಮ ದಾರಿ. ಶಹರದ ಕೋಟೆ ಬಾಗಿಲು ದಾಟಿ ಇಳಿಜಾರು ಮುಗಿಯುವವರೆಗೆ ಕೆಂಪು ಮುರುಂ ಮಣ್ಣು, ಅಲ್ಲಿಂದ ಮುಂದೆ ಮಾಂಜ್ರಾ ಹೊಳೆಯ ಕಡೆ ಕರಿಮಣ್ಣು. ಮಳೆಗಾಲದಲ್ಲಿ ಆ ಕರಿಮಣ್ಣಿಗೆ ಸಿಕ್ಕ ಗಾಡಿಯನ್ನು ಎತ್ತು ಕಟ್ಟಿ ಎಳೆಸಬೇಕಾಗುತ್ತಿತ್ತು. ಮೈಲಿಗಲ್ಲಿನ ಮೇಲೆ ಉರ್ದು ಅಕ್ಷರ. ಬೀದರಿನಲ್ಲಿ ದಖ್ಖನಿ ಮಾತಾಡಿ ಟಿಕೀಟು ಕೊಟ್ಟರೆ ಸಂತಪುರದಲ್ಲಿ ಕನ್ನಡ, ಔರಾದ್ ಬಿಟ್ಟ ಮೇಲೆ ಮರಾಠಿ. ಮಾತು ಬದಲಾದರೂ ಸಡಕು ಒಂದೇ ಆಗಿತ್ತು. ಇಂದು ಆ ದಾರಿಯ ನಡುವೆ ಎರಡು ರಾಜ್ಯಗಳ ಗಡಿಯಿದೆ. ಆಗ ಅಲ್ಲಿ ಹಸು ಮೇಯುತ್ತಿದ್ದವು.

ಬಸ್ ಸ್ಟಾಪು ಎಂಬುದು ದೊಡ್ಡ ಊರುಗಳಿಗೆ ಮಾತ್ರ ಇತ್ತು. ಒಳಗಿನ ಹಳ್ಳಿಗಳ ಜನ ನಡೆದು ಸಡಕಿಗೆ ಬಂದು, ಒಂದು ಟೊಂಗೆ ಮುರಿದು ದಾರಿಯ ನಡುವೆ ಇಟ್ಟು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರಿ, ದೂರದ ನೆರಳಿಗೆ ಹೋಗಿ ಮಲಗಿಬಿಡುತ್ತಿದ್ದರು. ಬಸ್ಸು ಬಂದು ಟೊಂಗೆಯ ಮುಂದೆ ನಿಂತು ಹಾರ್ನ್ ಹೊಡೆದರೆ ಎದ್ದು ಓಡಿ ಬರುವುದು. ಯಾವುದೋ ಗಿಡದ ಟೊಂಗೆಯಾದರೆ ಸಾಧಾರಣ ಪ್ಯಾಸೆಂಜರು. ಬೇವಿನದಾದರೆ ರೋಗಿಯೋ ಬಾಣಂತಿಯೋ ಕಾಯುತ್ತಿದ್ದಾರೆ ಎಂದು ಅರ್ಥ. ಬಸ್ಸು ತುಂಬಿದ್ದರೆ ಸಾಧಾರಣ ಟೊಂಗೆಯನ್ನು ಉಸ್ತಾದರು ಬಳಸಿಕೊಂಡು ಹೋಗುತ್ತಿದ್ದರು, ಹಿಂದಿನಿಂದ ಬರುವ ಬೈಗುಳಕ್ಕೆ ನಕ್ಕು ಕೈ ಬೀಸುತ್ತಿದ್ದರು. ಬೇವಿನ ಟೊಂಗೆಗೆ ಮಾತ್ರ ನಿಲ್ಲದೆ ಹೋದದ್ದನ್ನು ನಾನು ನೋಡಿಲ್ಲ. ಕೂತವರನ್ನು ಎಬ್ಬಿಸಿ ರೋಗಿಯನ್ನು ಮಲಗಿಸುತ್ತಿದ್ದರು. ಗೊಣಗಿದವರಿಗೆ, "ನಾಳೆ ನಿಮ್ಮ ಮನೀದು ಟೊಂಗಿ ಇರ್ತದ, ಆವಾಗ ನಾ ಹಿಂಗ ಗೊಣಗ್ಲಿ ಏನು?" ಎನ್ನುತ್ತಿದ್ದರು.

ಉಸ್ತಾದರ ಬಾಯಿ ಬಹಳ ಕೆಟ್ಟದ್ದು. ನನ್ನನ್ನು ಕತ್ತೆ ಎಂದು ಕರೆಯದೆ ಅವರ ಬೆಳಗು ಆಗುತ್ತಿರಲಿಲ್ಲ. ಆದರೆ ಭಾಲ್ಕಿಯ ಅವರ ಮನೆಗೆ ಹೋದಾಗ ಹೆಂಡತಿಯ ಮುಂದೆ ಬೆಕ್ಕಿನ ಮರಿ. ಆಕೆ ನನಗೆ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿ, "ಇವರು ದಾರ್ಯಾಗ ಬಯ್ತಾರೇನ್ ತಮ್ಮಾ? ನನಗ ಹೇಳು, ನಾ ನೋಡ್ಕೋತೇನಿ" ಎನ್ನುತ್ತಿದ್ದರು. ಒಬ್ಬಳೇ ಮಗಳು. ಆಕೆಯನ್ನು ನಮ್ಮ ದಾರಿಯ ಆ ಕೊನೆಗೆ, ದೇಗಲೂರಿಗೆ ಕೊಟ್ಟಿದ್ದರು. ವಾರಕ್ಕೊಮ್ಮೆಯಾದರೂ ಮಗಳ ಮುಖ ಕಾಣುತ್ತದೆ ಎಂಬುದೇ ಈ ದಾರಿಯನ್ನು ಬಿಡದಿರಲು ಕಾರಣ ಎಂದು ಅವರೇ ಹೇಳಿದ್ದರು.

ನಿಜಾಮರ ಪರವಾಗಿ ದಂಡು ಕಟ್ಟಿದ್ದ ರಜಾಕಾರರ ಹಾವಳಿ ಹೆಚ್ಚಾದ ವರ್ಷ ಒಂದು ಬೆಳಗ್ಗೆ ಬಂದೂಕು ಹಿಡಿದವರು ಬೀದರಿನಲ್ಲೇ ಬಸ್ಸು ಹತ್ತಿ, ಪ್ಯಾಸೆಂಜರರನ್ನು ಇಳಿಸಿ, ತಾವು ಹೇಳಿದ ಕಡೆ ನಡೆಸು ಎಂದರು. ನಾನು ಅಭ್ಯಾಸಬಲದಿಂದ ಟಿಕೀಟು ಎಂದೆ. ಕಪಾಳಕ್ಕೆ ಬಿತ್ತು. ಉಸ್ತಾದರು ನನ್ನ ಕಡೆ ತಿರುಗದೆ, "ಬಾಯಿ ಮುಚ್ಚು ಕತ್ತಿ" ಎಂದರು. ಒಂದು ಹಳ್ಳಿಯ ಹತ್ತಿರ ನಿಲ್ಲಿಸಿದೆವು. ಅವರು ಇಳಿದು ಹೋದರು, ಹೊಗೆ ಎದ್ದಿತು, ಕಿರಚಾಟ ಕೇಳಿತು. ಉಸ್ತಾದರ ಬೆನ್ನಿಗೆ ಒಬ್ಬ ಬಂದೂಕು ಹಿಡಿದು ನಿಂತಿದ್ದ. ಆ ಊರಲ್ಲಿ ಸುಟ್ಟ ಮನೆಗಳಲ್ಲಿ ನನ್ನ ಸೋದರಮಾವನದೂ ಒಂದು. ವಾಪಸ್ಸು ಬರುವಾಗ ಊರಿನವರು ಹೊಲದಲ್ಲಿ ಅವಿತು ಬಸ್ಸನ್ನು ನೋಡಿದರು. ಬೆನ್ನ ಹಿಂದಿನ ಬಂದೂಕು ಅವರಿಗೆ ಕಾಣಲಿಲ್ಲ. ಕಿಟಕಿಯಿಂದ ಹೊರಗಿದ್ದ ಆ ಮುಖ ಕಂಡಿತು. ಅದೇ ಬಸ್ಸಿನ ಹಿಂದಿನ ಬಾಗಿಲಲ್ಲಿ ನಾನೂ ನಿಂತಿದ್ದೆ, ಆದರೆ ಮುಂದೆ ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಹೆಸರು ನನ್ನನ್ನು ಕಾಯಿತು.

ಪೊಲೀಸ್ ಆಕ್ಷನ್ ಆಯಿತು. ಹೈದರಾಬಾದ್ ಸಂಸ್ಥಾನ ಶರಣಾಯಿತು, ಬೀದರಿಗೆ ಭಾರತದ ಮಿಲಿಟರಿ ಬಂತು. ಶಹರದಲ್ಲಿ ಸಿಹಿ ಹಂಚಿದರು, ನಾನೂ ತಿಂದೆ. ಆಮೇಲೆ ಹಳ್ಳಿಗಳ ಸುದ್ದಿ ಬರತೊಡಗಿತು. ಬಂದೂಕಿನವರು ಮೊದಲೇ ಓಡಿಹೋಗಿದ್ದರು. ಸೇಡು ತೀರಿಸಿಕೊಳ್ಳಲು ಸಿಕ್ಕವರು ಬಡ ಮುಸಲ್ಮಾನರು: ಪಿಂಜಾರರು, ಬಳೆಗಾರರು, ಸಣ್ಣ ರೈತರು, ಅವರ ಹೆಂಡಿರು ಮಕ್ಕಳು. ಭಾಲ್ಕಿಯಲ್ಲಿ ಉಸ್ತಾದರ ಮನೆಯ ಬಾಗಿಲು ಕಿತ್ತು ಸಾಮಾನು ಹೊತ್ತುಕೊಂಡು ಹೋದರು. ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಔರಾದಿನ ತವರಲ್ಲಿದ್ದರು. ಮಗಳು ಹೆರಿಗೆಗೆ ಅಲ್ಲಿಗೇ ಬಂದಿದ್ದಳು, ಗಂಡುಕೂಸು ಹುಟ್ಟಿತ್ತು. ಉಸ್ತಾದರು ಬೀದರಿನಲ್ಲಿ ಬಸ್ಸು ಇಲ್ಲದೆ, ಊಟ ಬಿಟ್ಟು, ಡಿಪೋದ ಕಟ್ಟೆಯ ಮೇಲೆ ಕೂತಿದ್ದರು.

ಎಲ್ಲ ಶಾಂತವಾಗಿದೆ ಎಂದು ತೋರಿಸಲು ಮೇಲಿನವರು ಬಸ್ಸು ಬಿಡಿ ಎಂದರು. ಉಸ್ತಾದರು ಎದ್ದರು. "ಔರಾದ್‌ನಾಗಿಂದ ಅವರನ್ನ ಎತ್ಕೊಂಡು ಬಂದುಬಿಡ್ತೇನಿ. ಬೀದರ್‌ನಾಗ ಮಿಲಿಟರಿ ಅದ, ಏನೂ ಆಗಾಂಗಿಲ್ಲ. ನೀ ಬರ್ತಿ?" ಎಂದು ನನ್ನನ್ನು ಕೇಳಿದರು. ಕತ್ತೆ ಎನ್ನದೆ ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಹೊರಟೆ.

ಹೋಗುವಾಗ ಏನೂ ಆಗಲಿಲ್ಲ. ಔರಾದಿನಲ್ಲಿ ಅವರ ತವರಿನ ಪಕ್ಕದ ಮನೆಯ ಮುದುಕಿ, ನಮ್ಮ ಪೈಕಿ ಹಿಂದೂ ಹೆಂಗಸು, ತಾಯಿ ಮಗಳಿಬ್ಬರನ್ನೂ ಅಡುಗೆಮನೆಯಲ್ಲಿ ಅಡಗಿಸಿಟ್ಟಿದ್ದಳು. ತನ್ನ ಇಳಕಲ್ ಸೀರೆಗಳನ್ನೇ ಅವರಿಗೆ ಉಡಿಸಿ, ಹಣೆಗೆ ಕುಂಕುಮ ಹಚ್ಚಿ ಕೊಟ್ಟಳು. ದಾರಿಯಲ್ಲಿ ಏನು ಹೇಳಬೇಕೆಂದು ಉಸ್ತಾದರೇ ಗೊತ್ತುಮಾಡಿದರು. "ಮಗಳು ಕಂಡಕ್ಟರನ ಹೇಣ್ತಿ. ನೀ ಅವನ ಅತ್ತಿ. ನಾ ನಿಮ್ಮನ್ನ ಹಿಂದ ಎಂದೂ ನೋಡಿಲ್ಲ. ಏನಾದ್ರೂ ಆಗ್ಲಿ, ನನ್ನ ಕಡಿ ನೋಡಬ್ಯಾಡ್ರಿ" ಎಂದು ಇಬ್ಬರ ಕೈಯಲ್ಲೂ ಕೂಸಿನ ತಲೆ ಮುಟ್ಟಿಸಿ ಭಾಷೆ ತೆಗೆದುಕೊಂಡರು.

ಸಂತಪುರದಲ್ಲಿ ಕೆಲವರು ಹತ್ತಿದರು. ಅಲ್ಲಿಂದ ಮುಂದೆ ಸ್ವಲ್ಪ ದೂರ ಬಂದಿದ್ದೆವು. ಎರಡೂ ಕಡೆ ಸೊಂಟದೆತ್ತರದ ತೊಗರಿ ಹೊಲ. ದಾರಿಯ ನಡುವೆ ಟೊಂಗೆ, ಮೇಲೆ ಕಲ್ಲು.

ನಾನು ಮುಂದೆ ಓಡಿ ಹೋಗಿ ಅವರ ಭುಜ ಹಿಡಿದೆ. "ಉಸ್ತಾದ್, ಇವತ್ತ ಬ್ಯಾಡ. ಹೊಡೀರಿ ಮುಂದ."

"ಬೇವಿಂದು ಅದ" ಎಂದರು.

"ಇದ್ರ ಇರ್ಲಿ!"

"ಯಾವಾಕಿನೋ ಬಾಣಂತಿ ಇರ್ತಾಳಪ್ಪ. ನನ್ನ ಮಗಳಿಗೆ ಜಾಗಾ ಅದ, ಆಕಿಗೆ ಇಲ್ಲೇನು?" ಎಂದು ಬ್ರೇಕು ಒತ್ತಿದರು.

ಹಾರ್ನ್ ಹೊಡೆಯುವ ಮೊದಲೇ ತೊಗರಿಯೊಳಗಿಂದ ಗಂಡಸರು ಎದ್ದರು. ಕೊಡಲಿ, ಬಡಿಗೆ. ಎಲ್ಲರೂ ಆ ಸುಟ್ಟ ಊರಿನವರು, ನಮ್ಮ ಪ್ಯಾಸೆಂಜರುಗಳೇ. ಮುಂದಿನ ಸೀಟಿನಲ್ಲಿ ಕೂತು ಬೀಡಿಗೆ ಬೆಂಕಿ ಕೇಳುತ್ತಿದ್ದವನೇ ಅವರ ಹಿರಿಯ. ಬೇವಿನ ಟೊಂಗೆಗೆ ಈ ಮನುಷ್ಯ ನಿಂತೇ ನಿಲ್ಲುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಉಸ್ತಾದರ ಒಳ್ಳೆಯತನವನ್ನೇ ಬಲೆಯಾಗಿ ಹಾಸಿದ್ದರು. ಈ ಒಂದು ಕಾರಣಕ್ಕೆ ನಾನು ಆ ಜನರನ್ನು ಇಂದಿಗೂ ಕ್ಷಮಿಸಿಲ್ಲ. ನನ್ನ ಮಾವನ ಮನೆ ಸುಟ್ಟದ್ದು ಗೊತ್ತಿದ್ದೂ ಕ್ಷಮಿಸಿಲ್ಲ.

ಉಸ್ತಾದರನ್ನು ಕಿಟಕಿಯಿಂದಲೇ ಎಳೆದು ಕೆಡವಿದರು. "ಆ ರಜಾಕಾರರನ್ನ ಹೊತ್ಕೊಂಡು ಬಂದಿದ್ದಿಲ್ಲ? ಈಗ ಹೊತ್ಕೊಂಡು ಹೋಗ್ತೀ?" ಎಂದು ಬಡಿಗೆಯಿಂದ ಹೊಡೆದರು. ಅವರು ಒಂದು ಸಲವೂ ಬಸ್ಸಿನ ಕಡೆ ನೋಡಲಿಲ್ಲ. ನಾನು ಹುಡುಗಿಯ ಪಕ್ಕ ಕೂತು, ಗಂಡನ ಗತ್ತಿನಲ್ಲಿ, "ಸುಮ್ಮನ ಕೂಡು, ಕೂಸಿಗೆ ಹಾಲು ಕುಡಸು" ಎಂದು ಗದರಿದೆ. ಒಳಗೆ ಇಣುಕಿದ ಹಿರಿಯನಿಗೆ ನನ್ನ ಹೆಂಡತಿ, ಅತ್ತೆ ಎಂದೆ. ಆಕೆ ತಲೆ ತಗ್ಗಿಸಿ ಕೂತಳು. ತಾಯಿಗೆ ಮಾತ್ರ ಆಗಲಿಲ್ಲ. ಗಂಡನ ತಲೆಯಿಂದ ರಕ್ತ ಹಾರಿದ್ದನ್ನು ಕಂಡು "ಯಾ ಅಲ್ಲಾ" ಎಂದು ಕೂಗಿಬಿಟ್ಟರು.

ಹೊಡೆತ ನಿಂತಿತು. ಹಿರಿಯ ಬಸ್ಸು ಹತ್ತಿ ಬಂದು ನಕ್ಕ. "ಕಂಡಕ್ಟರ್, ನಿನ್ನ ಅತ್ತಿ ಯಾವ ದೇವರನ್ನ ಕರೀಲಾಕತ್ತಾಳ?" ಉಳಿದವರೂ ನಕ್ಕರು. ತಾಯಿಯನ್ನು ಕೆಳಗಿಳಿಸಿ ಉಸ್ತಾದರ ಮುಂದೆ ನಿಲ್ಲಿಸಿದರು. "ಈಕಿ ಯಾರು?"

ಉಸ್ತಾದರು ಮಣ್ಣಲ್ಲಿ ಕೂತು ಹೆಂಡತಿಯ ಮುಖ ನೋಡಿದರು. ಈಕೆಯೂ ನನ್ನವಳಲ್ಲ ಎಂದರೆ ಯಾರೂ ನಂಬುವುದಿಲ್ಲ, ಆಮೇಲೆ ಮಗಳನ್ನೂ ಎಳೆಯುತ್ತಾರೆ. ಆ ಲೆಕ್ಕ ಗಂಡಹೆಂಡಿರ ನಡುವೆ ಮಾತಿಲ್ಲದೆ ನಡೆಯಿತು, ನಾನು ಕಣ್ಣಾರೆ ಕಂಡೆ.

"ಈಕಿ ನನ್ನ ಹೇಣ್ತಿ" ಎಂದರು.

"ಆ ಬಾಣಂತಿ?"

"ನನಗ ಗೊತ್ತಿಲ್ರಿ ಸಾಹುಕಾರ್ರ. ಕಂಡಕ್ಟರ ಮನಿಯಾಕಿ."

ತಾಯಿಯನ್ನು ಕೇಳಿದರು. ಅವರು ತಿರುಗಿಯೂ ನೋಡದೆ, "ನನಗ ಮಕ್ಕಳಿಲ್ಲ" ಎಂದರು. ಅವರನ್ನು ತೊಗರಿಯೊಳಗೆ ಎಳೆದುಕೊಂಡು ಹೋದರು. ಒಂದು ಸಲ ಕೂಗು ಕೇಳಿತು, ಆಮೇಲೆ ಕೇಳಲಿಲ್ಲ. ಹುಡುಗಿ ಕೂಸನ್ನು ಎದೆಗೊತ್ತಿಕೊಂಡು, ಸೆರಗು ಬಾಯಲ್ಲಿ ತುರುಕಿಕೊಂಡು, ನನ್ನ ಹೆಂಡತಿಯಾಗಿ ಕೂತಿದ್ದಳು.

ಇನ್ನು ಉಸ್ತಾದರ ಸರದಿ. ಕೊಡಲಿ ಎತ್ತಿದವನಿಗೆ ಬಸ್ಸಿನೊಳಗಿಂದ ಒಬ್ಬ ಪ್ಯಾಸೆಂಜರು ಬೇಸರದ ಧ್ವನಿಯಲ್ಲಿ ಹೇಳಿದ: "ಅವನ್ನ ಹೊಡದ್ರ ಗಾಡಿ ಯಾರ್ ಹೊಡೀತಾರ್ರಿ? ನಾವು ಬೀದರ್ ಮುಟ್ಟೋದು ಹ್ಯಾಂಗ?" ಹೌದಲ್ಲ ಎನಿಸಿತು ಅವರಿಗೆ. ಉಸ್ತಾದರನ್ನು ಎತ್ತಿ ಸೀಟಿನಲ್ಲಿ ಕೂರಿಸಿದರು. ಅವರಲ್ಲೇ ಒಬ್ಬ ಟೊಂಗೆ, ಕಲ್ಲು ಎತ್ತಿ ಬದಿಗೆ ಹಾಕಿ ದಾರಿ ಮಾಡಿಕೊಟ್ಟ. ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು, ಇನ್ನೊಂದರಲ್ಲಿ ದಾರಿ ನೋಡುತ್ತ ಉಸ್ತಾದರು ಎಲ್ಲರನ್ನೂ ಬೀದರಿಗೆ ಮುಟ್ಟಿಸಿದರು. ಇಳಿಯುವಾಗ ಆ ಪ್ಯಾಸೆಂಜರು ತನ್ನ ಗಂಟು ಇಳಿಸಿಕೊಡು ಎಂದು ನನ್ನನ್ನು ಕೂಗಿದ.

ಮಿಲಿಟರಿಯವರ ಜೊತೆ ಹಿಂದಿರುಗಿ ಹೋಗಿ, ಸಿಕ್ಕ ದೇಹವನ್ನು ಸಡಕಿನ ಬದಿಯಲ್ಲೇ ಮಣ್ಣು ಮಾಡಿದೆವು. ಗೊತ್ತಾಗಲೆಂದು ಉಸ್ತಾದರು ಒಂದು ಕಲ್ಲು ನೆಟ್ಟರು. ಆಮೇಲೂ ಅವರು ಅದೇ ದಾರಿಯಲ್ಲಿ ಬಸ್ಸು ಓಡಿಸಿದರು. ಬಿಡಿರಿ ಎಂದು ನಾನು ಜಗಳವಾಡಿದರೆ, "ಆಕಿ ಅಲ್ಲಿ ಅದಾಳ, ನಾ ಎಲ್ಲಿ ಹೋಗ್ಲಿ?" ಎನ್ನುತ್ತಿದ್ದರು. ಹೊಡೆದವರೂ ಅದೇ ಬಸ್ಸು ಹತ್ತುತ್ತಿದ್ದರು. ಅವರ ಟಿಕೀಟು ಹರಿದು ಕೈಗೆ ಕೊಡದೆ ಸೀಟಿನ ಮೇಲೆ ಎಸೆಯುತ್ತಿದ್ದೆ.

ಮುಂದೆ ಹೈದರಾಬಾದ್ ರಾಜ್ಯವನ್ನೇ ಒಡೆದು ಹಂಚಿದರು. ಬೀದರ್, ಔರಾದ್ ಮೈಸೂರಿಗೆ ಬಂದವು, ದೇಗಲೂರು ಮುಂಬಯಿ ರಾಜ್ಯಕ್ಕೆ ಹೋಯಿತು. ಒಂದೇ ಸಡಕಿಗೆ ಇಬ್ಬರು ಯಜಮಾನರಾದರು. ಈ ಕಡೆಯ ಡಾಂಬರು ಗಡಿಗಿಂತ ತುಸು ಮೊದಲೇ ಮುಗಿಯುತ್ತಿತ್ತು, ಆ ಕಡೆಯದು ತುಸು ಆಚೆಗೆ ಶುರುವಾಗುತ್ತಿತ್ತು, ನಡುವಿನ ಗುಂಡಿ ಯಾರದೆಂದು ಬಹಳ ದಿನ ಕಾಗದ ಓಡಾಡಿದವು. ಆಮೇಲೆ ದಾರಿ ಅಗಲ ಮಾಡಲು ಬಂದವರು ಸಂತಪುರದ ಹತ್ತಿರ ಬದಿಯ ಕಲ್ಲುಗಳನ್ನೆಲ್ಲ ಕಿತ್ತು ಜಲ್ಲಿಗೆ ಹಾಕಿದರು. ಆ ಕಲ್ಲೂ ಹೋಯಿತು, ಗೋರಿಯ ಮೇಲೆ ರೋಲರು ಹಾಯಿತು. ಆ ದಿನ ಉಸ್ತಾದರು ಅಲ್ಲಿಗೆ ಬಂದು ಬಸ್ಸು ನಿಲ್ಲಿಸಿ ಇಳಿದುಬಿಟ್ಟರು. "ಆಕಿ ಮ್ಯಾಲ ನಾ ಗಾಲಿ ಹತ್ತಸಲ್ಲ" ಎಂದರು. ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಭಾಲ್ಕಿಯ ಬರಿ ಮನೆಗೆ ಹೋಗಿ ಕೂತರು.

ಮಗಳು ಗಂಡನ ಮನೆಗೆ ಮರಳಿ ದೇಗಲೂರಿನಲ್ಲೇ ಇದ್ದಳು. ತಂದೆಯನ್ನು ನೋಡಲು ಬರಲಿಲ್ಲ, ಅವರೂ ಹೋಗಲಿಲ್ಲ. ಕೇಳಿದವರಿಗೆ ಇಬ್ಬರೂ ಬೇರೆ ರಾಜ್ಯ, ಬಸ್ಸು ಬದಲಾಯಿಸಬೇಕು ಎನ್ನುತ್ತಿದ್ದರು. ಈದ್ ಹಬ್ಬದ ದಿನ ನನಗೆ ಮಾತ್ರ ಆಕೆಯ ಮನೆಯಿಂದ ಶೀರ್‌ಖುರ್ಮಾ ಪಾಯಸ ಬರುತ್ತಿತ್ತು. ಒಮ್ಮೆ ಬಾಯಿ ಬಿಟ್ಟು ಹೇಳಿದಳು: "ನನ್ನ ಸಲುವಾಗಿ ಅಮ್ಮೀನ್ನ ಅವರ ಕೈಯಾಗ ಕೊಟ್ರು ಅಣ್ಣಾ. ಅವರ ಮಾರಿ ನೋಡಿದ್ರ ನಾ ಯಾಕ ಬದುಕೀನಿ ಅನಸ್ತದ."

ಉಸ್ತಾದರು ಹಾಸಿಗೆ ಹಿಡಿದಾಗ ನಾನೇ ಹೋಗಿ ಹಟ ಹಿಡಿದು ಮಗಳನ್ನು ಕರೆದುಕೊಂಡು ಬಂದೆ. ಅಂದಿನ ಕೂಸು, ಈಗ ಮೀಸೆ ಬಂದಿದ್ದ ಆಕೆಯ ಮಗನೂ ಜೊತೆಗಿದ್ದ. ಮನೆಯ ತುಂಬ ಓಣಿಯ ಗಂಡಸರು ನಿಂತಿದ್ದರು. ಜ್ವರದಲ್ಲಿ ಉಸ್ತಾದರಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ. ಆಕೆ ತಲೆಯ ಹತ್ತಿರ ಕೂತು, "ಅಬ್ಬಾ" ಎಂದಳು. ಪಕ್ಕದ ಮನೆಯವರು ಬಗ್ಗಿ ಜೋರಾಗಿ ಕೇಳಿದರು: "ಉಸ್ತಾದ್, ಯಾರ್ ಬಂದಾರ ನೋಡ್ರಿ. ಈಕಿ ಯಾರು, ಹೇಳ್ರಿ?"

ಅವರು ಕಣ್ಣು ಬಿಟ್ಟರು. ಮಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸುತ್ತ ನಿಂತ ಗಂಡಸರನ್ನು ನೋಡಿದರು. ಎರಡೂ ಕೈ ಎತ್ತಿ ಮುಗಿದರು.

"ನನಗ ಗೊತ್ತಿಲ್ರಿ. ಕಂಡಕ್ಟರ ಮನಿಯಾಕಿ. ಬಾಣಂತಿ ಅದಾಳ, ಬಿಡ್ರಿ."

ಆಕೆ ಮತ್ತೊಮ್ಮೆ ಅಬ್ಬಾ ಎನ್ನಹೋದಳು. ಅವರು ಹೆದರಿ, "ಗೊತ್ತಿಲ್ಲ, ಗೊತ್ತಿಲ್ಲ" ಎಂದು ಕೂಗಿ ಏಳಲು ನೋಡಿದರು. ಮಗಳು ಅವರ ಎದೆಯ ಮೇಲೆ ಕೈಯಿಟ್ಟು, ನಿಂತವರೆಲ್ಲರ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದಳು: "ಹೌದ್ರಿ. ಇವರು ನನಗ ಏನೂ ಆಗಬೇಕಾಗಿಲ್ಲ. ನಾ ಕಂಡಕ್ಟರ ಮನಿಯಾಕಿ."

ಮುಗಿದ ಕೈಗಳು ಸಡಿಲವಾದವು. ಉಸ್ತಾದರು ಕಣ್ಣು ಮುಚ್ಚಿದರು, ಮತ್ತೆ ತೆರೆಯಲಿಲ್ಲ.