ಗುರಿಮಣಿಗೆ ಹಚ್ಚಿದ ಸುಣ್ಣ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ಫೇಲಾಗಿ ಬಿಟ್ಟವನಲ್ಲ, ಯಾರೂ ಬಿಡಿಸಿದ್ದೂ ಅಲ್ಲ. ಈಗಲೂ ತುಮಕೂರಿನ ಬಟವಾಡಿಯ ನನ್ನ ಅಂಗಡಿಯ ಮುಂದೆ ಯಾರಾದರೂ ನಿಂತು ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರಿದರೆ, ಆ ಹಸಿ ವಾಸನೆಗೆ ಆ ವರ್ಷವೇ ಎದ್ದು ಬರುತ್ತದೆ. ಅದರ ಹಿಂದೆಯೇ ಬಂದೂಕಿನ ಎಣ್ಣೆಯ ವಾಸನೆ, ಬೆಳ್ಳಾವಿ ಕಡೆಯ ನಮ್ಮ ಮನೆಯ ಜಗಲಿ, ಗೋಡೆಗೆ ಬೆನ್ನು ಕೊಟ್ಟು ಕೂತ ಅಪ್ಪ.

ಅಪ್ಪನ ಹತ್ತಿರ ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ ರೈಫಲ್ ಇತ್ತು. ಅದಕ್ಕೆ ದುರ್ಬೀನು ಇರಲಿಲ್ಲ. ಕಣ್ಣಿನ ಹತ್ತಿರ ಕಬ್ಬಿಣದ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ರಾಗಿಕಾಳಿಗಿಂತ ಸ್ವಲ್ಪ ದೊಡ್ಡದಾದ ಗುರಿಮಣಿ. ಕಚ್ಚಿನ ನಡುವೆ ಮಣಿ ಕೂರಬೇಕು, ಮಣಿಯ ನೆತ್ತಿಯ ಮೇಲೆ ಗುರಿ ಕೂರಬೇಕು, ಅಷ್ಟೇ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳಕ್ಕೆ ಗುಬ್ಬಿ, ಕುಣಿಗಲ್ ಕಡೆಯ ಬಂದೂಕಿನವರೆಲ್ಲ ಬರುತ್ತಿದ್ದರು. ಏರಿಯ ಬುಡದಲ್ಲಿ ತೆಂಗಿನ ಚಿಪ್ಪು ನಿಲ್ಲಿಸಿ ಆಚೆ ದಡದಿಂದ ಹೊಡೆಯುವುದು. ಚಿಪ್ಪು ಒಡೆದವನನ್ನು ಆ ವರ್ಷ ಕಾಡುಹಂದಿ ನುಗ್ಗಿದ ಹೊಲಕ್ಕೆಲ್ಲ ಮೊದಲು ಕರೆಯುತ್ತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಒಡೆದವನು ಅಪ್ಪನೇ. ಊರಿನಲ್ಲಿ ನಮ್ಮ ಮನೆಗಿದ್ದ ಮರ್ಯಾದೆಯೆಲ್ಲ ಆ ಒಂದು ಕಣ್ಣಿನದು.

ಮುಸ್ಸಂಜೆಯಲ್ಲಿ ಕಪ್ಪು ಮಣಿ ಕಾಣುವುದಿಲ್ಲ. ಅದಕ್ಕೇ ಎಲೆಯಡಿಕೆಯ ಸುಣ್ಣವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಮಣಿಗೆ ಮುಟ್ಟಿಸುತ್ತಿದ್ದರು. ಆ ವರ್ಷ ಅಜ್ಜಿಯ ಸುಣ್ಣದ ಡಬ್ಬಿ ಬೇಗ ಬೇಗ ಖಾಲಿಯಾಗತೊಡಗಿತು. "ಯಾರ್ಲಾ ನನ್ ಸುಣ್ಣ ತಿಂತಿರೋನು? ಬಾಯಿ ಸುಟ್ಕಂಡ್ ಸಾಯ್ತೀಯ" ಎಂದು ನನ್ನನ್ನೇ ಬೈದಳು. ತೆಗೆಯುತ್ತಿದ್ದವನು ಅಪ್ಪ. ಮೊದಲು ಕಡ್ಡಿಯ ತುದಿಯಷ್ಟು, ಆಮೇಲೆ ಬೆಂಕಿಕಡ್ಡಿಯ ತಲೆಯಷ್ಟು, ಆಮೇಲೆ ಬೆರಳಿನಲ್ಲೇ. ಕಣ್ಣಿಗೆ ಪೊರೆ ಬರುತ್ತಿತ್ತು. ಅವ್ವ "ಡಾಕ್ಟ್ರಿಗಾದ್ರೂ ತೋರಿಸ್ಕಳಿ" ಎಂದರೆ, "ಕನ್ನಡ್ಕ ಹಾಕ್ಕಂಡ್ ಕೂತ್ರೆ ಹಂದಿಗಳು ಬಂದು ನಗ್ತವೆ, ಬುಡು" ಎನ್ನುತ್ತಿದ್ದ.

ರಾಗಿ ತೆನೆ ಕಟ್ಟುವ ಕಾಲ. ಒಂದು ಮುಸ್ಸಂಜೆ ಅಪ್ಪನೂ ನಾನೂ ಹೊಲದ ಬದುವಿನಲ್ಲಿ ಕೂತಿದ್ದೆವು. ದೂರದ ಹೊಲದ ಅಂಚಿನಲ್ಲಿ ಕಪ್ಪಗೆ ಏನೋ ಮುದುರಿಕೊಂಡಿತ್ತು. ಅಪ್ಪ "ಒಂಟಿ ಹಂದಿ" ಎಂದು ಪಿಸುಗುಟ್ಟಿ ಗುರಿ ಇಟ್ಟ. ಉಸಿರು ಹಿಡಿದ. ಹೊಡೆಯಲಿಲ್ಲ. ನಳಿಗೆ ಇಳಿಸಿ, "ಮಣಿ ಕಾಣ್ತದೆ, ಹಂದಿ ಕಾಣಾಕಿಲ್ಲ ಕಣ್ಲಾ. ಸುಣ್ಣವೇ ಮುಚ್ಕಂಡದೆ" ಎಂದ. ಅಷ್ಟರಲ್ಲಿ ಆ ಕಪ್ಪು ಎದ್ದು ನಿಂತು ಕೆಮ್ಮಿತು. ಕರಿಕಂಬಳಿ ಹೊದ್ದು ಬಯಲಿಗೆ ಕೂತಿದ್ದ ಪಕ್ಕದ ಹೊಲದ ಪುಟ್ಟಣ್ಣ. ಏನೂ ಗೊತ್ತಿಲ್ಲದ ಅವನು ಚೊಂಬು ಹಿಡಿದು ನಮ್ಮ ಹತ್ತಿರವೇ ಬಂದು, "ಏನಣ್ಣೋ, ಈ ಸಲ ಇನ್ನೂ ಒಂದೂ ಬಿದ್ದಿಲ್ವಂತೆ? ಹಂದಿಗಳ್ಗೆ ನೀನಂದ್ರೆ ಸಲ್ಗೆ ಆಗೋಯ್ತು" ಎಂದು ನಕ್ಕ. ಅಪ್ಪ, "ಹೂಂ ಕಣೋ. ಮನೆಗೋಗು, ಮಂಜು ಬೀಳ್ತದೆ" ಎಂದಷ್ಟೇ ಹೇಳಿದ. ಅವನು ಹೋದ ಮೇಲೆ ತಡಕಾಡಿ ತೋಟಾ ತೆಗೆದು ನನ್ನ ಅಂಗೈಗಿಟ್ಟ. ಮಾರನೆಯ ದಿನದಿಂದ ನಾನು ಸ್ಕೂಲಿಗೆ ಹೋಗಲಿಲ್ಲ. ತಗಡಿನ ಡಬ್ಬ ಬಡಿದು ಹೊಲ ಕಾದೆ. ಆ ವರ್ಷದ ರಾಗಿ ಪೂರ್ತಿ ಮನೆಗೆ ಬಂತು.

ಅದೇ ತಿಂಗಳು ಎಲೆಕ್ಷನ್ ಬಂತು. ಎಲೆಕ್ಷನ್ ಎಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸು ತರುವುದು. ಎಲ್ಲರೂ ತಂದರು. ಒಪ್ಪಿಸಿ ಬಂದ ಅಪ್ಪ ವಾಪಸು ತರಲು ಹೋಗಲೇ ಇಲ್ಲ. ಮುಂದೆ ತುಮಕೂರಿನಲ್ಲಿ ಪೊರೆ ತೆಗೆಸಿದೆವು. ಕಣ್ಣು ಚೆನ್ನಾಗಿಯೇ ಬಂತು, ಏರಿಯ ಮೇಲೆ ಹೋಗುವವರನ್ನು ಜಗಲಿಯಿಂದಲೇ ಗುರುತು ಹಿಡಿಯುತ್ತಿದ್ದ. "ಈಗಾದ್ರೂ ಬಂದೂಕು ತರಾನಾ?" ಎಂದು ಕೇಳಿದೆ. ಪುಟ್ಟಣ್ಣ ಹಸು ಹೊಡೆದುಕೊಂಡು ಹೋಗುತ್ತಿದ್ದ. ಅವನು ಮರೆಯಾಗುವವರೆಗೂ ನೋಡಿ, "ಬ್ಯಾಡ ಬುಡು" ಎಂದ.

ಅವರು ಯಾರೂ ಈಗಿಲ್ಲ. ಜಗಲಿ ಹೋಗಿ ರಸ್ತೆ ಅಗಲವಾಗಿದೆ, ಕೆರೆಯಂಗಳದ ತುಂಬ ಜಾಲಿ. ನಿಮ್ಮೂರಲ್ಲೂ ಹೀಗೇ ಆಗಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ. ನನ್ನ ಹತ್ತಿರ ಈಗಿರುವುದು ಸ್ವಂತ ದುಡಿಮೆಯ ಒಂದು ಅಂಗಡಿ, ಒಂದು ಮನೆ, ಪೊರೆ ತೆಗೆಸಿದ ಒಂದು ಕಣ್ಣು, ತೆಗೆಸಬೇಕಾದ ಇನ್ನೊಂದು, ಅಜ್ಜಿಯ ಖಾಲಿ ಸುಣ್ಣದ ಡಬ್ಬಿ. ಬಂದೂಕಿಲ್ಲ.